ಕಣ್ಣು ಹೋದ ಮೇಲಿನ ಆಯ್ಲರ್

ಘನಾಕೃತಿಗಳ ಮುಖ, ಶೃಂಗ, ಅಂಚುಗಳ ಸೂತ್ರವನ್ನು ಓದುವಾಗ ಲಿಯೊನಾರ್ಡ್ ಆಯ್ಲರ್‌ನ (1707–1783) ಹೆಸರನ್ನು ನೀವು ಕಂಡಿರುತ್ತೀರಿ. ಬಲಗಣ್ಣಿನ ದೃಷ್ಟಿ ಆತನಿಗೆ 1738ರ ಸುಮಾರಿಗೇ ಕುಂದಿತ್ತು. 1766ರಲ್ಲಿ ಬರ್ಲಿನ್ ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್‌ಗೆ ಮರಳಿದ ಸ್ವಲ್ಪ ಕಾಲದಲ್ಲೇ ಎಡಗಣ್ಣೂ ಪೊರೆಯಿಂದ ಮಸುಕಾಯಿತು. 1771ರಲ್ಲಿ ಶಸ್ತ್ರಕ್ರಿಯೆಯಿಂದ ಮರಳಿದ ದೃಷ್ಟಿ ಸೋಂಕು ತಗುಲಿ ಕೆಲದಿನಗಳಲ್ಲೇ ಮತ್ತೆ ಹೋಯಿತು. ಅದೇ ವರ್ಷ ಬೆಂಕಿಯಲ್ಲಿ ಮನೆಯೂ ಸುಟ್ಟಿತು. ಎರಡನೆಯ ಸಲ ಕವಿದ ಆ ಕತ್ತಲೆ ಎಂಥದೆಂದು ನೀವೇ ಊಹಿಸಿ.

ಆದರೂ ಆತನ ಒಟ್ಟು ಬರವಣಿಗೆಯ ಸುಮಾರು ಅರ್ಧದಷ್ಟು ಈ ಕೊನೆಯ ಹದಿನೇಳು ವರ್ಷಗಳದು! ಇದಕ್ಕೆ ಆತನ ಜ್ಞಾಪಕಶಕ್ತಿಯೇ ಕಾರಣವೆಂದು ಹೇಳುವುದು ವಾಡಿಕೆ. ಅದು ಅಸಾಧಾರಣವಾಗಿತ್ತು, ನಿಜ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆತ ಕೆಲಸದ ಕ್ರಮವನ್ನೇ ಬದಲಿಸಿಕೊಂಡದ್ದು. ಮಬ್ಬಾಗಿ ಉಳಿದಿದ್ದ ನೋಟಕ್ಕೆ ಎಟಕುವಂತೆ ದೊಡ್ಡ ಅಕ್ಷರಗಳಲ್ಲಿ ಸೀಮೆಸುಣ್ಣದಿಂದ ಸ್ಲೇಟಿನ ಮೇಲೆ ಬರೆಯುತ್ತಿದ್ದ. ಉಳಿದುದನ್ನು ಬಾಯಲ್ಲಿ ಹೇಳಿದರೆ ಇತರರು ಲೆಕ್ಕ ಬಿಡಿಸಿ ಬರೆದುಕೊಳ್ಳುತ್ತಿದ್ದರು. 1772ರಲ್ಲಿ ಅಚ್ಚಾದ ಚಂದ್ರಚಲನೆಯ ಗ್ರಂಥದ ಶೀರ್ಷಿಕೆ ಪುಟವನ್ನು ಗಮನಿಸಿ: ಮಗ ಯೋಹಾನ್ ಆಲ್ಬ್ರೆಕ್ಟ್, ಕ್ರಾಫ್ಟ್, ಲೆಕ್ಸೆಲ್ ಎಂಬ ಅಕಾಡೆಮಿಯ ಮೂವರು ಸದಸ್ಯರ ಶ್ರಮವನ್ನು ಅಲ್ಲಿ ಹೆಸರಿಸಿ ಹೊಗಳಲಾಗಿದೆ. ಆಯ್ಲರ್ ಅಲ್ಲಿ ಕೆಲಸದ ನಿರ್ದೇಶಕ ಮಾತ್ರ. ನೆರವು ಪಡೆದದ್ದನ್ನು ಮುಚ್ಚಿಡಬೇಕೆಂದು ಆತನಿಗೆ ಅನ್ನಿಸಲಿಲ್ಲ. ನಮ್ಮಲ್ಲಿ ಪರೀಕ್ಷೆಗೆ ಲಿಪಿಕಾರನನ್ನು ಕೇಳಲೂ ಸಂಕೋಚಪಡುವ ಮಕ್ಕಳಿದ್ದಾರೆ.

1773ರಲ್ಲಿ ಬಾಸೆಲ್‌ನಿಂದ ತರುಣ ನಿಕೊಲಾಸ್ ಫುಸ್ ಬಂದ. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 250 ಪ್ರಬಂಧಗಳನ್ನು ಸಿದ್ಧಪಡಿಸಲು ನೆರವಾದ. 1783ರ ಸೆಪ್ಟೆಂಬರ್ 18ರಂದು ಆಯ್ಲರ್, ಎರಡು ವರ್ಷಗಳ ಹಿಂದಷ್ಟೆ ಪತ್ತೆಯಾಗಿದ್ದ ಯುರೇನಸ್‌ನ ಕಕ್ಷೆಯ ಬಗ್ಗೆ ಲೆಕ್ಸೆಲ್‌ನೊಡನೆ ಚರ್ಚಿಸಿದ. ಅದೇ ದಿನ ಆತ ಕುಸಿದು, ತೀರಿಕೊಂಡ.