ಕೇಳುಗರು ಸಾಕಿದ ಬಾನುಲಿ

ಗಾಳಿಯಲ್ಲಿ ಪುಕ್ಕಟೆಯಾಗಿ ತೇಲಿಬರುವ ಮಾತಿಗೆ ಯಾರಾದರೂ ಹಣ ಕೊಟ್ಟಾರೆಯೇ? ಒಂದು ಕಾಲಕ್ಕೆ ನಮ್ಮಲ್ಲಿಯೂ ರೇಡಿಯೋ ಇಟ್ಟುಕೊಂಡವರು ಲೈಸೆನ್ಸಿಗೆಂದು ಶುಲ್ಕ ತೆರುತ್ತಿದ್ದುದುಂಟು. ಆದರೆ ಅದು ಕಾನೂನಿನ ಕಟ್ಟಳೆ. ಹಣ ಕೊಡದವನಿಗೂ ಸಮನಾಗಿ ಕೇಳಿಸುವ ನಿಲಯಕ್ಕೆ ಸ್ವಂತ ಇಚ್ಛೆಯಿಂದ ಕೊಡುವುದು ಬೇರೆಯೇ ಸಂಗತಿ. ಜನ ಹಾಗೆ ಕೊಟ್ಟೇ ಕೊಡುವರೆಂದು ನಂಬಿದವನು ಅಮೆರಿಕದ ಲೂಯಿಸ್ ಹಿಲ್.

ಹಿಲ್ ಶಾಂತಿವಾದಿ, ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದವನು. ಆ ದೇಶದ ಬಾನುಲಿ ಬಹುಮಟ್ಟಿಗೆ ಜಾಹೀರಾತುದಾರರ ಕೈಯಲ್ಲಿತ್ತು. ಸರಕು ಮಾರುವವನ ಹಣದಿಂದ ನಡೆಯುವ ನಿಲಯದಲ್ಲಿ ಬಹುಜನಕ್ಕೆ ರುಚಿಸದ ವಿಚಾರಕ್ಕೆ ಎಡೆಯಿಲ್ಲವೆಂದು ಆತ ಕಂಡುಕೊಂಡ. 1946ರಲ್ಲಿ ಗೆಳೆಯರೊಡನೆ ಪೆಸಿಫಿಕಾ ಪ್ರತಿಷ್ಠಾನವನ್ನು ಸ್ಥಾಪಿಸಿದ. 1949ರ ಏಪ್ರಿಲ್ 15ರಂದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಕೆ.ಪಿ.ಎಫ್.ಎ. ನಿಲಯ ನುಡಿಯತೊಡಗಿತು. ಆಗ ಎಫ್.ಎಂ. ಪ್ರಸಾರ ಕೇಳಬಲ್ಲ ಪೆಟ್ಟಿಗೆಗಳೇ ವಿರಳ. 1950ರ ಆಗಸ್ಟ್‌ನಲ್ಲಿ ಬೊಕ್ಕಸ ಬರಿದಾಗಿ ನಿಲಯ ಮೌನ ತಾಳಿತು. ಆಗ ಕೈಗೆ ಬಂದವರು ಕೇಳುಗರೇ. ಅವರು ಕೂಡಿಸಿದ ಹಣದಿಂದ 1951ರಲ್ಲಿ ಅದು ಮತ್ತೆ ದನಿಯೆತ್ತಿತು. ಅದೇ ವರ್ಷ ಫೋರ್ಡ್ ಪ್ರತಿಷ್ಠಾನದ ವಯಸ್ಕರ ಶಿಕ್ಷಣ ನಿಧಿಯಿಂದ 1,50,000 ಡಾಲರುಗಳ ನೆರವೂ ದೊರೆಯಿತು. ನೂರಕ್ಕೆ ಇಬ್ಬರು ಕೇಳುಗರು ವರ್ಷಕ್ಕೆ 10 ಡಾಲರ್ ಕೊಟ್ಟರೆ ಸಾಕು ಎಂಬುದು ಹಿಲ್‌ನ ಲೆಕ್ಕ.

ಅಲನ್ ವಾಟ್ಸ್ ಅಲ್ಲಿ ಪೌರಸ್ತ್ಯ ದರ್ಶನಗಳನ್ನು ಕುರಿತು ಮಾತಾಡಿದ. ಕವಿ ಕೆನೆತ್ ರೆಕ್ಸ್‌ರಾತ್ ಪುಸ್ತಕಗಳನ್ನು, ಪಾಲಿನ್ ಕೇಲ್ ಚಲನಚಿತ್ರಗಳನ್ನು ವಿಮರ್ಶಿಸಿದರು. 1957ರಲ್ಲಿ ಹಿಲ್ ತೀರಿಕೊಂಡ, ಸಂಸ್ಥೆ ಉಳಿಯಿತು. ಲಾಸ್ ಏಂಜಲಿಸ್, ನ್ಯೂಯಾರ್ಕ್‌ಗಳಲ್ಲಿ ಸೋದರ ನಿಲಯಗಳು ಹುಟ್ಟಿದವು. ನಿರ್ಭಿಡೆಯ ಮಾತಿಗೆ ಬೆಲೆಯನ್ನೂ ತೆರಬೇಕಾಯಿತು: ಹ್ಯೂಸ್ಟನ್ ನಿಲಯದ ಪ್ರಸಾರಯಂತ್ರವನ್ನು 1970ರಲ್ಲಿ ಎರಡು ಬಾರಿ ಬಾಂಬಿಟ್ಟು ಧ್ವಂಸಗೊಳಿಸಿದರು.

ಆದರೆ ನಿಜವಾದ ಒರೆಗಲ್ಲು ಹೊರಗಿನ ಶತ್ರುವಲ್ಲ. 1999ರ ಜುಲೈನಲ್ಲಿ ಪೆಸಿಫಿಕಾದ ಆಡಳಿತ ಮಂಡಳಿಯೇ ಬರ್ಕ್ಲಿ ನಿಲಯಕ್ಕೆ ಬೀಗ ಹಾಕಿ ಸಿಬ್ಬಂದಿಯನ್ನು ಹೊರಗಟ್ಟಿತು. ಸಹಸ್ರಾರು ಜನ ಬೀದಿಗಿಳಿದರು. ಐವತ್ತು ವರ್ಷ ಹಣ ಕೊಟ್ಟವರು ನಾವು, ನಿಲಯ ಯಾರದು? ಇದು ಅವರ ಪ್ರಶ್ನೆ. ಕೊಡುವ ಕೈಗೆ ಆಳುವ ಹಕ್ಕನ್ನು ಹಿಲ್‌ನ ಏರ್ಪಾಡು ಕೊಟ್ಟಿರಲಿಲ್ಲ. ವ್ಯಾಜ್ಯಗಳು ನಡೆದು, 2001ರ ಕೊನೆಗೆ ರಾಜಿಯಾಗಿ, ಕೇಳುಗರು ಮತ ಹಾಕಿ ಮಂಡಳಿಯನ್ನು ಆರಿಸುವ ಪದ್ಧತಿ ಬಂತು.

ಅದರಿಂದ ಎಲ್ಲವೂ ಸುಸೂತ್ರವಾಯಿತೆನ್ನುವಂತಿಲ್ಲ. ಚುನಾವಣೆಯೊಡನೆ ಪಕ್ಷಗಳು, ಪಕ್ಷಗಳೊಡನೆ ಜಗಳಗಳು ಬಂದವು; ಸಾಲವೂ ಬೆಳೆಯಿತು. ಜಾಹೀರಾತುದಾರನಿಗೆ ಒಡೆತನ ಒಪ್ಪಿಸಿದ್ದರೆ ಈ ರಗಳೆ ಇರುತ್ತಿರಲಿಲ್ಲ, ನಿಜ. ಆದರೆ ಆಗ ಜಗಳವಾಡುವ ಹಕ್ಕೂ ಕೇಳುಗನಿಗೆ ಇರುತ್ತಿರಲಿಲ್ಲ.