ಬೂಸದ ತೂಕ

ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಉಳಿದಿರುವ ಹಿಂಡಿ-ಬೂಸದ ಅಂಗಡಿಯ ಮುಂದೆ ನಿಂತು, ಬಾಯಿ ಬಿಚ್ಚಿದ ಗೋಣಿಚೀಲದಿಂದ ಒಂದು ಹಿಡಿ ಗೋಧಿಬೂಸವನ್ನು ಎತ್ತಿಕೊಂಡರೆ, ಭಾರವೇ ತೋರದ ಆ ಕಂದು ಚಕ್ಕೆಗಳು ಬೆರಳಸಂದಿನಿಂದ ಜಾರಿಹೋಗಿ, ಅಂಗೈಗೆ ಹಿಟ್ಟಿನ ನುಣ್ಣನೆಯ ಹುಡಿ ಮಾತ್ರ ಅಂಟಿಕೊಳ್ಳುತ್ತದೆ. ಸಂಸ್ಕೃತದ ‘ಬುಸ’ವೆಂದರೆ ಬರಿಯ ಹೊಟ್ಟು, ಹಿಂದಿಯವರ ‘ಭೂಸಾ’ ಎಂದರೆ ಪುಡಿಯಾದ ಒಣಹುಲ್ಲು, ನಮ್ಮಲ್ಲಿಯಾದರೋ ಅದು ಗೋಧಿಯನ್ನು ಬೀಸಿ ಜರಡಿ ಹಿಡಿದ ಮೇಲೆ ಉಳಿಯುವ ಸಿಪ್ಪೆಯಾಗಿ, ಹಿಂಡಿಯೊಡನೆ ಕಲಗಚ್ಚಿನಲ್ಲಿ ನೆನೆದು, ಕರೆಯುವ ಹಸುವಿನ ಬಾನಿಗಿಳಿಯುವ ಪದಾರ್ಥ. ಹೊಟ್ಟನ್ನು ಗಾಳಿಗೆ ತೂರುತ್ತಾರೆ. ಬೂಸವನ್ನು ತೂಗಿ ಮಾರುತ್ತಾರೆ.

ಈ ಸಾಧುಪದವು ಕೊಟ್ಟಿಗೆಯಿಂದ ವೇದಿಕೆಗೇರಿದ್ದು 1973ರ ನವೆಂಬರಿನಲ್ಲಿ, ಇದೇ ಊರಿನಲ್ಲಿ. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದು, ಮನುಷ್ಯನ ತಲೆಯ ಮೇಲೆ ಮಲವನ್ನು ಹೊರಿಸುವ ಪದ್ಧತಿಯ ನಿಷೇಧಕ್ಕೆ ಕಾರಣರಾದ ಬಿ. ಬಸವಲಿಂಗಪ್ಪನವರು, ಸಭೆಯೊಂದರಲ್ಲಿ ಮಾತನಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆಯೆಂದೂ, ದಲಿತ ವಿದ್ಯಾರ್ಥಿಗಳು ಇಂಗ್ಲಿಷನ್ನು ಕಲಿಯಬೇಕೆಂದೂ ಹೇಳಿದರು. ‘ಬಹಳಷ್ಟು’ ಎಂಬ ಪರಿಮಾಣವಾಚಕವು ಸಭಾಂಗಣದ ಹೊಸ್ತಿಲನ್ನು ದಾಟುವುದರೊಳಗೇ ಕಳಚಿಬಿದ್ದಿತು. ವಿದ್ಯೆಯ ಮಾತು ಯಾರ ಕಿವಿಗೂ ನಾಟಲಿಲ್ಲ. ‘ಬೂಸಾ’ ಎಂಬ ಎರಡಕ್ಷರ ಮಾತ್ರ ನಾಡನ್ನೆಲ್ಲ ಸುತ್ತಿತು. ಪ್ರತಿಭಟನೆಗಳು ಭುಗಿಲೆದ್ದವು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಸಚಿವರು ರಾಜೀನಾಮೆಯಿತ್ತರು. ಕನ್ನಡಕ್ಕೆ ಮೊದಲ ಜ್ಞಾನಪೀಠವನ್ನು ತಂದ ಒಂಟಿಕೊಪ್ಪಲಿನ ಕುವೆಂಪು ಅವರೇ ಬಸವಲಿಂಗಪ್ಪನವರ ಪರ ನಿಂತದ್ದು, ಭಾಷಾಭಿಮಾನದ ಹೆಸರಿನಲ್ಲಿ ಬೀದಿಗಿಳಿದವರಿಗೆ ನುಂಗಲಾರದ ತುತ್ತಾಗಿರಬೇಕು.

ಸತ್ತ್ವಹೀನವೆಂದಿದ್ದರೆ, ನೀರಸವೆಂದಿದ್ದರೆ ಯಾರೂ ಮುನಿಯುತ್ತಿರಲಿಲ್ಲ. ವಿಮರ್ಶಕರು ದಿನಬೆಳಗಾದರೆ ಹಾಗೆನ್ನುತ್ತಲೇ ಇದ್ದರು. ಕೊಟ್ಟಿಗೆಯ ಪದವನ್ನು ಸರಸ್ವತಿಯ ಸನ್ನಿಧಿಗೆ ತಂದದ್ದು ಅಪರಾಧವಾಯಿತು. ಬೂಸವನ್ನು ಕಲಸಿ ಹಸುವಿಗಿಟ್ಟು, ಹಾಲು ಮಾತ್ರ ಪರರ ಮನೆಗೆ ಹೋಗುವುದನ್ನು ತಲೆತಲಾಂತರದಿಂದ ಕಂಡ ಜನರ ಬಾಯಿಂದ ಆ ಪದ ಬಂದದ್ದು ಇನ್ನೂ ದೊಡ್ಡ ಅಪರಾಧವಾಯಿತು. (ಉಪಮಾನದ ವಿಷಯದಲ್ಲಿ ನನ್ನದೊಂದು ಸಣ್ಣ ತಕರಾರು: ಬೂಸದಿಂದಲೂ ಹಾಲಾಗುತ್ತದೆ, ಹೊಟ್ಟೆಂದಿದ್ದರೆ ಬೈಗುಳ ಪೂರ್ಣವಾಗುತ್ತಿತ್ತು.)

ಇದಕ್ಕೆ ಹತ್ತು ವರ್ಷ ಮೊದಲು, 1963ರ ಆಗಸ್ಟಿನಲ್ಲಿ, ವಾಷಿಂಗ್ಟನ್ನಿನ ಜನಸಾಗರದೆದುರು ಮಾರ್ಟಿನ್ ಲೂಥರ್ ಕಿಂಗರು, ಕರಿಯರಿಗೆ ಅಮೆರಿಕವು ಕೊಟ್ಟ ಚೆಕ್ಕು ಹಣವಿಲ್ಲವೆಂದು ಬ್ಯಾಂಕಿನಿಂದ ಹಿಂದಿರುಗಿದೆಯೆಂದಿದ್ದರು. ಅದೂ ಪೇಟೆಯ ಮಾತೇ, ಲೆಕ್ಕದ ಮಾತೇ. ಲೋಕವು ಅವರ ಕನಸನ್ನು ಕಂಠಪಾಠ ಮಾಡಿ ಚೆಕ್ಕನ್ನು ಮರೆತಿತು. ನಾವು ಬೂಸವನ್ನು ಹಿಡಿದುಕೊಂಡು ಉಳಿದುದೆಲ್ಲವನ್ನೂ ಬಿಟ್ಟೆವು.

ಅದೇ 1973ರಲ್ಲಿ ದೇವನೂರ ಮಹಾದೇವರ ‘ದ್ಯಾವನೂರು’ ಪ್ರಕಟವಾಗಿ, ನಂಜನಗೂಡು ಸೀಮೆಯ ಕೇರಿಯ ಮಾತು ಅಚ್ಚಿಗೆ ಬಂದಿತ್ತೆಂಬುದನ್ನು ನೆನೆದರೆ, ಜರಡಿಯು ಆಗಲೇ ಬೇರೆ ಕೈಗಳಿಗೆ ಸೇರಿತ್ತೆನ್ನಬೇಕು. ಮುಂದೆ ದಲಿತ ಸಂಘರ್ಷ ಸಮಿತಿ ಹುಟ್ಟಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂದಿತು. ‘ಬೂಸಾ ಪ್ರಕರಣ’ ಎಂಬುದು ಚರಿತ್ರೆಯ ಅಧ್ಯಾಯವೊಂದರ ಶೀರ್ಷಿಕೆಯಾಯಿತು. ಪುಸ್ತಕದಲ್ಲಿ ಅದು ದೀರ್ಘಾಂತ ‘ಬೂಸಾ’. ಅಂಗಡಿಯ ಹಲಗೆಯ ಮೇಲೆ ಇಂದಿಗೂ ಹ್ರಸ್ವಾಂತ ‘ಬೂಸ’. ನಾನು ಕೈಯ ಹುಡಿಯನ್ನು ಒರೆಸಿಕೊಳ್ಳುತ್ತಿರಲು, ಅಂಗಡಿಯಾತ ತಕ್ಕಡಿಯತ್ತ ತಿರುಗಿ ಕೇಳಿದ: “ಎಷ್ಟು ಕೊಡ್ಲಿ, ಸ್ವಾಮಿ?”