ಗಂಜಿ ಶಿಬಿರದಿಂದ ಸೆರೆಶಿಬಿರಕ್ಕೆ: ಬಳ್ಳಾರಿ ಮತ್ತು ಬೋಯರ್ ಯುದ್ಧದ ಶಿಬಿರಾಡಳಿತ

ದಕ್ಷಿಣ ಆಫ್ರಿಕದ ಯುದ್ಧದಲ್ಲಿ (1899–1902) ಸೆರೆಸಿಕ್ಕ ಬೋಯರ್ (ಡಚ್ ಮೂಲದ ಬಿಳಿಯ ವಲಸಿಗ) ಯೋಧರನ್ನು ಬ್ರಿಟಿಷರು ಸೇಂಟ್ ಹೆಲೆನಾ, ಸಿಲೋನ್, ಬರ್ಮುಡಾಗಳಿಗೆ ಸಾಗಿಸಿದರು. ಸುಮಾರು 9,000 ಮಂದಿಯನ್ನು ಭಾರತಕ್ಕೆ ಕಳಿಸಿದರು. ಅವರಲ್ಲೊಂದು ಪಾಲು ಬಳ್ಳಾರಿಗೆ ಬಂತು. ಅದೇ ಹೊತ್ತಿನಲ್ಲಿ ಬೋಯರ್ ಹೆಂಗಸರೂ ಮಕ್ಕಳೂ ಟ್ರಾನ್ಸ್‌ವಾಲ್ ಮತ್ತು ಆರೆಂಜ್ ನದಿ ಪ್ರಾಂತದ ಕಾನ್ಸಂಟ್ರೇಶನ್ ಕ್ಯಾಂಪುಗಳಲ್ಲಿ ಸಾವಿರಗಟ್ಟಲೆ ಸಾಯುತ್ತಿದ್ದರು. ಆ ಕ್ಯಾಂಪುಗಳಿಗೂ ಭಾರತದ ಬರ ಮತ್ತು ಪ್ಲೇಗಿನ ಶಿಬಿರಗಳಿಗೂ ಇರುವ ನಂಟನ್ನು ಇತಿಹಾಸಕಾರ ಏಡನ್ ಫೋರ್ತ್ 2017ರ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಆ ನಂಟನ್ನು ಕನ್ನಡ ನೆಲದ ಕಡೆಯಿಂದ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಶಿಬಿರವಾಸಿಯ ಅಳಿವು ಉಳಿವನ್ನು ಮುಳ್ಳುತಂತಿಗಿಂತ ಹೆಚ್ಚಾಗಿ ನಿರ್ಧರಿಸಿದ್ದು ಸರ್ಕಾರಿ ದಫ್ತರದಲ್ಲಿ ಅವನಿಗೆ ಸಿಕ್ಕ ಸ್ಥಾನ.

ಬರದ ಪಾಠ

1876–78ರ ಧಾತು-ಈಶ್ವರ ಬರದಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಅತ್ಯಂತ ಬಾಧಿತ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಪರಿಹಾರ ಬೇಕಾದವರು ಊರು ಬಿಟ್ಟು ಶಿಬಿರ ಸೇರಬೇಕು, ಕೈಲಾಗುವವರು ಕಲ್ಲು ಒಡೆದು ಮಣ್ಣು ಹೊರಬೇಕು ಎಂಬುದು ಕಟ್ಟಳೆ. ಕಷ್ಟ ಹೆಚ್ಚಿದರೆ ನಿಜವಾಗಿ ಗತಿಯಿಲ್ಲದವರಷ್ಟೇ ಉಳಿಯುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. 1877ರ ಆರಂಭದಲ್ಲಿ ಭಾರತ ಸರ್ಕಾರದ ಬರ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಪುಡಿಗಾಸಿಗೆ ಇಳಿಸಿದರು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯದು ಎಂದು ಪ್ರತಿಭಟಿಸಿದ ಮೇಲೆ ಪ್ರಮಾಣ ಏರಿತು. ಪಡಿತರದ ಅಳತೆ, ಹಾಜರಿಪಟ್ಟಿ, ಸಾವಿನ ದಾಖಲೆ ಇವೆಲ್ಲ ಆಡಳಿತದ ಕೈಗೆ ರೂಢಿಯಾದದ್ದು ಹೀಗೆ.

1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಇದಕ್ಕೆ ಇನ್ನೊಂದು ಪದರ ಸೇರಿಸಿತು. 1898ರಲ್ಲಿ ಪ್ಲೇಗು ಹುಬ್ಬಳ್ಳಿ, ಬೆಂಗಳೂರುಗಳನ್ನು ಹೊಕ್ಕಾಗ ಮನೆ ತೆರವು, ರೈಲು ನಿಲ್ದಾಣದ ತಪಾಸಣೆ, ಊರಾಚೆಯ ಗುಡಿಸಲು ಸಾಲುಗಳು ಜನರ ಅನುಭವಕ್ಕೆ ಬಂದವು.

ಆಫ್ರಿಕದ ವ್ಯವಸ್ಥೆ

ಬೋಯರರ ಗೆರಿಲ್ಲಾ ಹೋರಾಟ ಮುರಿಯಲು ಬ್ರಿಟಿಷ್ ಸೈನ್ಯ ಹೊಲಮನೆಗಳನ್ನು ಸುಟ್ಟು, ನಿರ್ಗತಿಕರಾದವರನ್ನು ರೈಲುಹಾದಿಯ ಬದಿಯ ಡೇರೆಗಳಿಗೆ ತುಂಬಿತು. ಪ್ರತಿ ಕ್ಯಾಂಪಿಗೂ ಒಬ್ಬ ಸೂಪರಿಂಟೆಂಡೆಂಟ್. ಅವನ ಕೈಕೆಳಗೆ ವೈದ್ಯ, ಮೇಟ್ರನ್, ಉಗ್ರಾಣದ ಮೇಲ್ವಿಚಾರಕ. ಮೊದಮೊದಲು ಪಡಿತರದಲ್ಲೂ ಎರಡು ದರ್ಜೆ: ಗಂಡ ಇನ್ನೂ ಯುದ್ಧದಲ್ಲಿದ್ದರೆ ಕುಟುಂಬಕ್ಕೆ ಮಾಂಸವಿಲ್ಲ. ದಡಾರ, ನ್ಯುಮೋನಿಯಾ, ವಿಷಮಶೀತ ಜ್ವರ ಹಬ್ಬಿದವು. ಬ್ರಿಟಿಷ್ ಸಮಾಜಸೇವಕಿ ಎಮಿಲಿ ಹಾಬ್‌ಹೌಸ್ ಜನವರಿ 1901ರಲ್ಲಿ ಬ್ಲೂಮ್‌ಫಾಂಟೇನ್ ಕ್ಯಾಂಪು ಕಂಡು ಬರೆದ ವರದಿ ಲಂಡನ್ನಿನಲ್ಲಿ ಕೋಲಾಹಲವೆಬ್ಬಿಸಿತು; ಸರ್ಕಾರ ಮಿಲಿಸೆಂಟ್ ಫಾಸೆಟ್ ನೇತೃತ್ವದ ಮಹಿಳಾ ಆಯೋಗವನ್ನು ಕಳಿಸಬೇಕಾಯಿತು. ಯುದ್ಧಾನಂತರ ಎಣಿಸಿದಾಗ ಸತ್ತ ಬೋಯರರು 27,927. ಅವರಲ್ಲಿ 22,074 ಮಂದಿ 16 ವರ್ಷದೊಳಗಿನವರು. ಕರಿಯರಿಗೆ ಬೇರೆಯೇ ಇಲಾಖೆ, ಬೇರೆಯೇ ಕ್ಯಾಂಪು. ಅಲ್ಲಿ ಸೈನ್ಯಕ್ಕೆ ದುಡಿಯುವುದೂ ಹೊಟ್ಟೆಗೆ ಬೇಕಾದ್ದನ್ನು ಬೆಳೆಯುವುದೂ ಅವರ ಪಾಲಿಗೇ ಬಿತ್ತು. ದಾಖಲಾದ ಸಾವುಗಳೇ 14,000ಕ್ಕೆ ಮೇಲ್ಪಟ್ಟಿವೆ.

1901ರಲ್ಲಿ ಆಡಳಿತ ಸೈನ್ಯದಿಂದ ನಾಗರಿಕ ಅಧಿಕಾರಿಗಳಿಗೆ ಹೋಯಿತು. ಭಾರತದ ಪ್ಲೇಗು ಶಿಬಿರಗಳಲ್ಲಿ ಪಳಗಿದ್ದ ಸ್ಯಾಮ್ಯುಯೆಲ್ ಥಾಮ್ಸನ್, ಜೇಮ್ಸ್ ವಿಲ್ಕಿನ್ಸ್ ಅವರನ್ನು ಕರೆಸಿಕೊಳ್ಳಲಾಯಿತು. ಶುದ್ಧ ನೀರು, ಕಕ್ಕಸು, ಡೇರೆಗಳ ನಡುವಿನ ಅಂತರ, ರೋಗಿಗಳ ಪ್ರತ್ಯೇಕತೆ ಬಿಗಿಗೊಂಡವು. ಆದರೆ ಮರಣ ಪ್ರಮಾಣ ತಗ್ಗಿದ ಕೀರ್ತಿಯನ್ನೆಲ್ಲ ಇವರಿಗೇ ಕೊಡಲಾಗದು. ಅವರು ಬರುವ ಹೊತ್ತಿಗಾಗಲೇ ಇಳಿಮುಖ ಶುರುವಾಗಿತ್ತು. ದಡಾರದ ಅಲೆಯೂ ತಾನಾಗಿ ಹಾದುಹೋಗಿತ್ತು.

ಕೈದಿಗಿದ್ದದ್ದು, ಕುಟುಂಬಕ್ಕಿಲ್ಲದ್ದು

ಬಳ್ಳಾರಿಯ ಬೋಯರನ ಸ್ಥಿತಿ ಬೇರೆ. ಸೆರೆಹಿಡಿದವರು ತಮ್ಮ ಸೈನಿಕರಿಗೆ ಕೊಡುವಂಥದೇ ಊಟ, ಬಟ್ಟೆ, ವಸತಿಯನ್ನು ಯುದ್ಧಕೈದಿಗೂ ಕೊಡಬೇಕೆಂದು 1899ರ ಹೇಗ್ ಒಪ್ಪಂದ ವಿಧಿಸಿತ್ತು. ಬೋಯರ್ ಗಣರಾಜ್ಯಗಳು ಅದಕ್ಕೆ ಸಹಿ ಹಾಕಿರಲಿಲ್ಲವಾದರೂ ಬ್ರಿಟಿಷ್ ಸೈನ್ಯದ ಪದ್ಧತಿ ಹೆಚ್ಚುಕಡಿಮೆ ಅದರಂತೆಯೇ ನಡೆಯಿತು. ಕ್ಯಾಂಪಿನ ಹೆಂಗಸನ್ನೋ 1877ರ ಬರದ ಕೂಲಿಯನ್ನೋ ಕಾಯುವ ಇಂಥ ನಿಯಮ ಇರಲಿಲ್ಲ. ದಫ್ತರದಲ್ಲಿ ಒಬ್ಬಳು ನಿರಾಶ್ರಿತೆ, ಇನ್ನೊಬ್ಬ ಪರಿಹಾರ ಬೇಡುವವನು. ಇಬ್ಬರೂ ಖಜಾನೆಗೆ ಹೊರೆ. ಬರಗಾಲದ ಆಡಳಿತ ಈ ಕನಿಷ್ಠ ವೆಚ್ಚದ ದೃಷ್ಟಿಯನ್ನೂ ಬೆಳೆಸಿತು, ಅದನ್ನು ತಿದ್ದಬಲ್ಲ ಕಾರ್ನಿಶರಂಥ ವೈದ್ಯರನ್ನೂ ಕೊಟ್ಟಿತು. ಯುದ್ಧಕಾಲದ ಕ್ಯಾಂಪುಗಳಲ್ಲಿ ಮೊದಲನೆಯದು ಮುಂಚೆ ತಲುಪಿತು, ಎರಡನೆಯದು ತಡವಾಗಿ.

ಮೇ 31, 1902ರ ಶಾಂತಿ ಒಪ್ಪಂದದ ನಂತರ ಬೋಯರರು ತಾಯ್ನಾಡಿಗೆ ಮರಳತೊಡಗಿದರು. ಮೊದಲನೆಯ ಮಹಾಯುದ್ಧದಲ್ಲಿ ಬಳ್ಳಾರಿಗೆ ತುರ್ಕಿ ಕೈದಿಗಳು ಬಂದರು. 1917ರಲ್ಲಿ ಬಳ್ಳಾರಿಯನ್ನೂ ಬೆಳಗಾವಿಯನ್ನೂ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಪ್ರತಿನಿಧಿಗಳು ಪರಿಶೀಲಿಸಿ ವರದಿ ಪ್ರಕಟಿಸಿದರು. ಹೊರಗಿನವರು ಒಳಹೊಕ್ಕು ಪಡಿತರ ತೂಗಿ ನೋಡುವ ಈ ಹಕ್ಕು ಯುದ್ಧಕೈದಿಗೆ 1929ರ ಜಿನೀವಾ ಒಪ್ಪಂದದಲ್ಲಿ ದಕ್ಕಿತು. ನಾಗರಿಕರಿಗೆ ಅದು ಸಿಕ್ಕಿದ್ದು 1949ರಲ್ಲಿ, ನಾಜಿ ಶಿಬಿರಗಳನ್ನು ಜಗತ್ತು ಕಂಡ ಮೇಲೆ.